ದೋಣಿಯ ತಳಕ್ಕೆ ಪಾಚಿನಿರೋಧಕ ಬಣ್ಣ: ಯಂತ್ರದ ಲೋಹದ ಭಾಗಗಳ ಬಳಿ ವಹಿಸಬೇಕಾದ ಎಚ್ಚರಿಕೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದಡಕ್ಕೆ ತಂದ ದೋಣಿಗಳ ತಳಕ್ಕೆ ಬಣ್ಣ ಬಳಿಯುವುದು ವಾಡಿಕೆಯಾಗಿದೆ. ಚಿಪ್ಪು ಹಾಗೂ ಪಾಚಿ ಅಂಟಿದ ದೋಣಿಯು ವೇಗ ಕಳೆದುಕೊಂಡು ಹೆಚ್ಚು ಇಂಧನ ಬಳಸುವುದರಿಂದ ಈ ವೆಚ್ಚವು ಅವಶ್ಯಕವೇ ಸರಿ. ಆದರೆ ಉಳಿದ ಬಣ್ಣ ವ್ಯರ್ಥವಾಗಬಾರದೆಂದು ಅದನ್ನೇ ಯಂತ್ರದ ಕಾಲಿಗೂ ಬಳಿಯುವುದರಿಂದ ಬಣ್ಣದ ಬೆಲೆಗಿಂತ ಹಲವು ಪಟ್ಟು ನಷ್ಟ ಸಂಭವಿಸಬಹುದೆಂಬುದನ್ನು ದೋಣಿ ಮಾಲೀಕರ ಗಮನಕ್ಕೆ ತರಲಾಗಿದೆ.

ಇಂತಹ ಬಣ್ಣಗಳಲ್ಲಿ ಹೆಚ್ಚಿನವು ತಾಮ್ರದ ಆಕ್ಸೈಡ್ ಒಳಗೊಂಡಿರುತ್ತವೆ. ಔಟ್‌ಬೋರ್ಡ್ ಯಂತ್ರದ ನೀರಿನಲ್ಲಿ ಮುಳುಗುವ ಭಾಗವು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿರುತ್ತದೆ. ಉಪ್ಪುನೀರಿನಲ್ಲಿ ಇವೆರಡೂ ಸೇರಿದಾಗ ಬ್ಯಾಟರಿಯಲ್ಲಿ ನಡೆಯುವಂತಹ ಕ್ರಿಯೆ ಏರ್ಪಟ್ಟು ಅಲ್ಯೂಮಿನಿಯಂ ಕರಗತೊಡಗುತ್ತದೆ. ಹಾನಿಯು ಬಣ್ಣದ ಅಡಿಯಲ್ಲಿ ನಡೆಯುವುದರಿಂದ ಆರಂಭದಲ್ಲಿ ಕಾಣುವುದಿಲ್ಲ. ಬಣ್ಣ ಗುಳ್ಳೆಯೆದ್ದು ಒಳಗೆ ಬಿಳಿ ಪುಡಿ ಕಂಡುಬಂದಲ್ಲಿ ಕೂಡಲೇ ಪರೀಕ್ಷಿಸತಕ್ಕದ್ದು. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದಲ್ಲಿ ಒಳಗೆ ನೀರು ಸೇರಿದೆಯೆಂದೇ ಅರ್ಥ. ಸೀಲ್ ಹಾಳಾಗಿರಬಹುದು ಅಥವಾ ಕವಚವೇ ತೂತಾಗಿರಬಹುದು. ಅಂತಹ ಯಂತ್ರವನ್ನು ನಂಬಿ ಸಮುದ್ರಕ್ಕೆ ಇಳಿಯುವುದು ಅಪಾಯಕರ.

ಆದ್ದರಿಂದ ತಾಮ್ರದ ಬಣ್ಣವನ್ನು ದೋಣಿಯ ಒಡಲಿಗೆ ಮಾತ್ರ ಬಳಿದು, ಯಂತ್ರದ ಸುತ್ತ ಸುಮಾರು 40 ಮಿಲಿಮೀಟರ್ ಅಗಲದ ಪಟ್ಟಿಯನ್ನು ಬಣ್ಣವಿಲ್ಲದೆ ಬಿಡತಕ್ಕದ್ದು. ಟೇಪ್ ಅಂಟಿಸಿಕೊಂಡು ಬಳಿದಲ್ಲಿ ಅಂತರ ತಪ್ಪುವುದಿಲ್ಲ. ಯಂತ್ರದ ಕಾಲಿಗೆ ಬಣ್ಣ ಬೇಕೇ ಆದಲ್ಲಿ ಎಪಾಕ್ಸಿ ಪ್ರೈಮರ್ ಹಾಕಿ, ಅಲ್ಯೂಮಿನಿಯಂಗೆ ಸೂಕ್ತವೆಂದು ಡಬ್ಬಿಯ ಮೇಲೆ ನಮೂದಿಸಿರುವ ಬಣ್ಣವನ್ನೇ ಬಳಸುವುದು. ಮಳೆಗಾಲದ ತೇವದಲ್ಲಿ ಒಣಗದ ಮೇಲ್ಮೈಗೆ ಹಾಕಿದ ಪ್ರೈಮರ್ ಹಿಡಿಯುವುದಿಲ್ಲವಾದ್ದರಿಂದ ಮರೆಯ ಕೆಳಗೆ ಒಣಗಿಸಿಕೊಳ್ಳುವುದು ಲೇಸು. ಪ್ರತಿದಿನ ಯಂತ್ರವನ್ನು ನೀರಿನಿಂದ ಮೇಲೆತ್ತಿಡುವ ನಾಡದೋಣಿಗಳಿಗೆ ಇಷ್ಟೆಲ್ಲ ಶ್ರಮ ಬಹುಮಟ್ಟಿಗೆ ಅನಗತ್ಯ.

ಯಂತ್ರಕ್ಕೆ ಅಥವಾ ಶಾಫ್ಟ್‌ಗೆ ಜೋಡಿಸಿರುವ ಸತುವಿನ ತುಂಡುಗಳಿಗೆ, ಅಂದರೆ ಆನೋಡ್‌ಗಳಿಗೆ, ಯಾವುದೇ ಬಣ್ಣ ಬಳಿಯತಕ್ಕದ್ದಲ್ಲ. ಇತರ ಲೋಹದ ಬದಲು ತಾನು ಕರಗುವುದೇ ಅವುಗಳ ಕೆಲಸ. ಬಣ್ಣ ಮುಚ್ಚಿದಲ್ಲಿ ಆ ಕೆಲಸ ನಿಂತುಹೋಗುತ್ತದೆ. ಅರ್ಧದಷ್ಟು ಸವೆದಿರುವುದನ್ನು ಬದಲಿಸಿ, ಹೊಸದನ್ನು ಬರಿಯ ಲೋಹಕ್ಕೆ ತಾಗುವಂತೆ ಬಿಗಿಯತಕ್ಕದ್ದು. ಟ್ರಾಲರ್‌ಗಳ ಕಂಚಿನ ಪ್ರೊಪೆಲ್ಲರ್ ತಾಮ್ರದ ಬಣ್ಣದಿಂದ ಹೀಗೆ ಕರಗುವುದಿಲ್ಲವಾದರೂ, ತಿರುಗುವ ಅಲಗಿನ ಮೇಲೆ ಅಂತಹ ಬಣ್ಣ ಬಹಳ ಕಾಲ ನಿಲ್ಲುವುದಿಲ್ಲ.

ನೋಂದಣಿ ಅಥವಾ ಲೈಸೆನ್ಸ್ ಸಂಬಂಧದ ಅರ್ಜಿಗಳಲ್ಲಿ ಯಂತ್ರದ ಸಂಖ್ಯೆ ನಮೂದಿಸಬೇಕಾಗಿ ಬಂದಾಗ ತೊಂದರೆಯಾಗದಂತೆ, ಸಂಖ್ಯೆಯ ಫಲಕದ ಮೇಲೆ ಬಣ್ಣ ತಾಗದಂತೆ ನೋಡಿಕೊಳ್ಳುವುದು.

ಟ್ರೈಬ್ಯೂಟೈಲ್ ಟಿನ್ ಇರುವ ಬಣ್ಣವನ್ನು ಹಿಂದೆ ಅಲ್ಯೂಮಿನಿಯಂಗೆ ಸುರಕ್ಷಿತವೆಂದು ಬಳಸಲಾಗುತ್ತಿತ್ತು. ಅದು ಸಿಂಪಿ ಮೊದಲಾದ ಚಿಪ್ಪುಜೀವಿಗಳಿಗೆ ಹಾನಿಕರವೆಂದು ಕಂಡುಬಂದ ಕಾರಣ, 2001ರಲ್ಲಿ ಅಂಗೀಕೃತವಾಗಿ 17-09-2008ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯು ಅದನ್ನು ನಿಷೇಧಿಸಿದೆ. ಹಳೆಯ ಡಬ್ಬಿ ಅಗ್ಗವಾಗಿ ದೊರೆತರೂ ಕೊಳ್ಳತಕ್ಕದ್ದಲ್ಲ. ಹಳೆಯ ಬಣ್ಣ ಕೆರೆಯುವಾಗ ನೀರು ಚಿಮುಕಿಸಿ, ಮುಖಗವಸು ಧರಿಸಿ, ಉದುರಿದ ಪುಡಿಯನ್ನು ಟಾರ್ಪಾಲಿನ ಮೇಲೆ ಸಂಗ್ರಹಿಸತಕ್ಕದ್ದು; ಅದನ್ನು ಹೊಳೆಗಾಗಲಿ ಬಂದರಿನ ನೀರಿಗಾಗಲಿ ಸುರಿಯತಕ್ಕದ್ದಲ್ಲ.