ರವೆ ಇಡ್ಲಿಯೊಳಗಿನ ಜ್ವಾಲಾಮುಖಿ

ಮಗಳ ಶಾಲೆಯಿಂದ ಮೆಸೇಜ್ ಬಂತು: ಸೈನ್ಸ್ ಡೇಗೆ ಜ್ವಾಲಾಮುಖಿ ಮಾಡಿ ತರಬೇಕು. ಇಲ್ಲಿ ಹೈದರಾಬಾದಿನ ಕೊಂಡಾಪುರದಲ್ಲಿ, ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ ‘ವಂಟ ಸೋಡಾ’ ಅಂತ ಕೇಳಿ ಅಡುಗೆ ಸೋಡಾ ತಂದೆ, ಜೊತೆಗೆ ಒಂದು ಬಾಟಲಿ ವಿನೆಗರ್.

ಮೊದಲು ಮನೆಯಲ್ಲೇ ಪರೀಕ್ಷೆ. ಮೂರು ಲೋಟ ಇಟ್ಟೆವು: ಒಂದರಲ್ಲಿ ವಿನೆಗರ್, ಒಂದರಲ್ಲಿ ಹುಣಸೆ ನೀರು, ಒಂದರಲ್ಲಿ ಹುಳಿ ಮೊಸರು. ಮೂರಕ್ಕೂ ಒಂದೊಂದು ಚಮಚ ಸೋಡಾ. ವಿನೆಗರ್ ಬುಸ್ಸಂತ ಉಕ್ಕಿ ಸ್ವಲ್ಪ ಹೊತ್ತಿಗೇ ತಣ್ಣಗಾಯಿತು. ಮೊಸರು ಮಾತ್ರ ನಿಧಾನವಾಗಿ ಉಬ್ಬಿ, ಉಬ್ಬಿಕೊಂಡೇ ನಿಂತಿತು. ಮಗಳು ಅಂದಳು, “ಅಪ್ಪಾ, ಇದು ಇಡ್ಲಿ ಹಿಟ್ಟಿನ ಥರಾನೇ ಇದೆ!”

ಅವಳು ಹೇಳಿದ್ದು ಸರಿ. ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಯಾವ ಹುಳಿ ಸೇರಿದರೂ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್. ನೀರಿನಂಥ ವಿನೆಗರ್‌ನಿಂದ ಗಾಳಿ ಹಾರಿಹೋಗುತ್ತೆ. ಮೊಸರು ದಪ್ಪ, ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತೆ. ರವೆ ಸೇರಿದರೆ ಇನ್ನೂ ಗಟ್ಟಿ.

ಈ ಗುಟ್ಟು ಪೊಟ್ಟಣಕ್ಕೆ ಇಳಿದದ್ದು 1843ರಲ್ಲಿ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಅವರ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಅದಕ್ಕೆ ಅವರು ಸೋಡಾ, ಒಣ ಆಮ್ಲ, ಪಿಷ್ಟ ಮೂರನ್ನೂ ಬೆರೆಸಿ ಬೇಕಿಂಗ್ ಪೌಡರ್ ಮಾಡಿದರು. ಒಣಗಿರುವ ತನಕ ಸುಮ್ಮನಿರುತ್ತೆ, ನೀರು ಬಿದ್ದರೆ ಕೆಲಸ ಶುರು.

ಈಗ ಬೆಂಗಳೂರಿಗೆ ಬನ್ನಿ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯ ಮತ್ತು ಸೋದರರು 1924ರಲ್ಲಿ ಹೋಟೆಲ್ ತೆರೆದರು. ನಮ್ಮ ಹಾಗೆ ಅವರೂ ಊರು ಬಿಟ್ಟು ಬಂದವರೇ. ಅದೇ ಮುಂದೆ ಎಂಟಿಆರ್ ಆಯಿತು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ಎಂಟಿಆರ್ ಹೇಳುವ ಪ್ರಕಾರ, ಆ ಯುದ್ಧಕಾಲದ ಅಭಾವದಲ್ಲೇ ರವೆಯಿಂದ ಇಡ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ.

1975ರ ತುರ್ತು ಪರಿಸ್ಥಿತಿಯಲ್ಲಿ ಊಟ-ತಿಂಡಿಯನ್ನು ಕಡಿಮೆ ಬೆಲೆಗೇ ಮಾರಬೇಕೆಂಬ ಕಟ್ಟುಪಾಡು ಬಂದು ಹೋಟೆಲ್ ನಡೆಸುವುದು ಕಷ್ಟವಾಯಿತು. ಆಗ ಎಂಟಿಆರ್ ದಿಢೀರ್ ತಿನಿಸುಗಳ ಪೊಟ್ಟಣದ ವ್ಯಾಪಾರಕ್ಕೆ ಇಳಿಯಿತು. ಇವತ್ತು ನಮ್ಮ ಅಡುಗೆಮನೆಯ ಕಪಾಟಿನಲ್ಲಿರುವ ರವೆ ಇಡ್ಲಿ ಮಿಕ್ಸ್ ಆ ದಾರಿಯಲ್ಲೇ ಬಂದದ್ದು.

ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ದುಡಿದು ಹುಳಿಯನ್ನೂ ಗಾಳಿಯನ್ನೂ ತಾವೇ ಮಾಡುತ್ತವೆ. ರವೆ ಇಡ್ಲಿಯಲ್ಲಿ ಹುಳಿ ಮೊಸರಿನದು, ಗಾಳಿ ಸೋಡಾದ್ದು. ರಾತ್ರಿ ಕಾಯುವ ಕೆಲಸ ಇಲ್ಲ. ಆದರೆ ಸೋಡಾ ಹಾಕಿದ ಮೇಲೆ ತಡ ಮಾಡಬಾರದು. ಒಂದ್ಸಲ ಹಿಟ್ಟು ಕಲಸಿಟ್ಟು ಆಫೀಸ್ ಕಾಲ್‌ಗೆ ಕೂತೆ. ಮುಗಿಸಿ ಬರೋಷ್ಟರಲ್ಲಿ ಗಾಳಿ ಎಲ್ಲ ಹೋಗಿತ್ತು, ಇಡ್ಲಿ ಬಿಲ್ಲೆಯ ಹಾಗೆ ಚಪ್ಪಟೆ!

ಅಮ್ಮ ಊರಿಂದ ಬಂದಾಗಲೆಲ್ಲ “ಏನೋ ಇದು, ಪೊಟ್ಟಣದ ಇಡ್ಲಿ” ಅಂತ ಮೂಗು ಮುರೀತಾರೆ. ಈ ಸಲ ಈ ಕತೆಯನ್ನೆಲ್ಲ ಹೇಳಿ, ಇದು ಸೋಮಾರಿತನ ಅಲ್ಲ ಅಂತ ವಾದಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಅಂದರು, “ಅವರಿಗೆ ಅಕ್ಕಿ ಸಿಕ್ಕಿರಲಿಲ್ಲ ಕಣೋ. ನಿನಗೇನು ಸಿಕ್ತಿಲ್ಲ?”

“ಟೈಮ್, ಅಮ್ಮ” ಅಂದೆ. ಅವರೇನೂ ಮಾತಾಡಲಿಲ್ಲ. ಇನ್ನೊಂದು ಇಡ್ಲಿ ಹಾಕಿಸಿಕೊಂಡರು.

ನಿಮ್ಮ ಮನೇಲಿ ಮಕ್ಕಳಿದ್ದರೆ ಜ್ವಾಲಾಮುಖಿ ಮಾಡಿಸಿ. ಪಕ್ಕದಲ್ಲಿ ಒಂದು ಲೋಟ ಮೊಸರೂ ಇಡಿ. ಮುಂದಿನ ವಾರ ಸಿಗೋಣ.