ಸೇಬಿನ ಲೆಕ್ಕದಲ್ಲಿ ಸಿಕ್ಕ ರೈತ

ಸ್ವೀಡನ್ನಿನ ಕಾದಂಬರಿಕಾರ ವಿಲ್ಹೆಲ್ಮ್ ಮೊಬರ್ಗ್ 1949ರಿಂದ 1959ರವರೆಗೆ ನಾಲ್ಕು ಸಂಪುಟಗಳಲ್ಲಿ ತನ್ನ ದೇಶದ ವಲಸಿಗರ ಕಥೆ ಬರೆದ. ಸ್ಮೋಲಂಡ್ ಸೀಮೆಯ ಕಲ್ಲುಹೊಲ ಬಿಟ್ಟು ಅಮೆರಿಕದ ಮಿನ್ನೆಸೋಟಕ್ಕೆ ಹೋಗಿ ಬೇಸಾಯ ಹೂಡಿದ ಕಾರ್ಲ್ ಆಸ್ಕರ್, ಅವನ ಹೆಂಡತಿ ಕ್ರಿಸ್ಟಿನಾ ಈಗ ಅಲ್ಲಿನ ಲಿಂಡ್‌ಸ್ಟ್ರಾಮ್ ಊರಿನಲ್ಲಿ ಪ್ರತಿಮೆಯಾಗಿ ನಿಂತಿದ್ದಾರೆ. ಹುಟ್ಟದೇ ಇದ್ದವರಿಗೆ ಪ್ರತಿಮೆ. ನಿಜವಾಗಿ ಹುಟ್ಟಿ, ಉತ್ತು ಬಿತ್ತಿ, 48 ವರ್ಷ ದಿನಚರಿ ಬರೆದಿಟ್ಟ ಆಂಡ್ರೂ ಪೀಟರ್ಸನ್ ಬಗ್ಗೆ ಕೇಳಿದರೆ ಸಿಗುವ ಉತ್ತರ ಒಂದೇ: ‘ಓ, ಅವನೇ ಕಾರ್ಲ್ ಆಸ್ಕರ್ ಅಲ್ಲವೇ!’

ಈ ಮಾತಿಗೆ ಕಾರಣವಿದೆ. 1948ರಲ್ಲಿ ಅಮೆರಿಕಕ್ಕೆ ಹೋದ ಮೊಬರ್ಗ್, ಸೇಂಟ್ ಪಾಲ್ ನಗರದ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಪೀಟರ್ಸನ್ನನ ದಿನಚರಿ ಕಂಡ. ಹೊಸ ನೆಲದ ರೈತನ ದಿನನಿತ್ಯದ ದುಡಿಮೆ ಹೇಗಿತ್ತು ಎಂಬ ವಿವರವನ್ನು ಅದರಿಂದ ಹೆಕ್ಕಿಕೊಂಡ. ಅಷ್ಟಕ್ಕೇ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆಯೇ? ದಾಖಲೆಗಳ ಬೆನ್ನು ಹತ್ತಿದ್ದು ಈ ಪ್ರಶ್ನೆಗಾಗಿ.

ಮೊದಲು ಸ್ವೀಡನ್ನಿನ ಕಡೆಯ ಕಾಗದ. ಅಲ್ಲಿ ಪಾದ್ರಿಗಳು ಮನೆಮನೆಯ ಪುಸ್ತಕ ಇಡುತ್ತಿದ್ದರು. 1686ರ ಚರ್ಚ್ ಕಾನೂನು ಮಾಡಿದ ಉಪಕಾರ ಅದು. ಒಂದೊಂದು ಮನೆಯಲ್ಲಿ ಯಾರಿದ್ದಾರೆ, ಹುಟ್ಟಿದ್ದು ಯಾವಾಗ, ಓದಲು ಬರುತ್ತದೆಯೇ, ಧರ್ಮಪಾಠ ಎಷ್ಟು ಅರ್ಥವಾಗಿದೆ, ಸಿಡುಬು ಬಂದಿತ್ತೇ, ಯಾವ ಊರಿನಿಂದ ಬಂದರು, ಎಲ್ಲಿಗೆ ಹೋದರು, ಎಲ್ಲಕ್ಕೂ ಒಂದೊಂದು ಅಂಕಣ. ಊರು ಬಿಟ್ಟವರ ಹೆಸರಿನ ಮೇಲೆ ಗೀಟು. ನಮ್ಮ ಆಂಡ್ರೂ ಅಲ್ಲಿ ಆಂಡರ್ಸ್ ಪೀಟರ್ಸನ್. ಹುಟ್ಟಿದ್ದು 1818ರ ಅಕ್ಟೋಬರ್ 20, ಊರು ವೆಸ್ತ್ರಾ ರೀಡ್. ಹುಡುಕುವವರು ಇಲ್ಲಿ ಹುಷಾರಾಗಿರಬೇಕು. ಇದೇ ಹೆಸರಿನ ಇನ್ನೊಂದು ಚರ್ಚ್ ವಲಯ ಸ್ಟಾಕ್‌ಹೋಮ್ ಬಳಿಯ ಉಪ್ಲಾಂಡ್ ಸೀಮೆಯಲ್ಲೂ ಇದೆ. ನಮಗೆ ಬೇಕಾದದ್ದು ದಕ್ಷಿಣದ ಓಸ್ತರ್‌ಯೋತ್‌ಲಂಡ್ ಸೀಮೆಯದು.

ಮೊದಲ ಬಿರುಕು ಇಲ್ಲೇ ಕಾಣಿಸಿತು. ಕಾರ್ಲ್ ಆಸ್ಕರ್ ಸ್ಮೋಲಂಡಿನವನು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದವನು. ಪೀಟರ್ಸನ್ 1850ರಲ್ಲಿ ಹೊರಟಾಗ ಮೂವತ್ತು ದಾಟಿದ ಬ್ರಹ್ಮಚಾರಿ. ಕೆಲವು ವರ್ಷ ಅಯೋವಾದ ಬರ್ಲಿಂಗ್ಟನ್ ಸುತ್ತಮುತ್ತ ಇದ್ದು, 1855ರಲ್ಲಿ ಮಿನ್ನೆಸೋಟದ ಕಾರ್ವರ್ ಕೌಂಟಿಗೆ, ವಕೋನಿಯಾ ಕೆರೆಯ ದಿಕ್ಕಿಗೆ ಬಂದ. ಎಲ್ಸಾ ಇಂಗೆಮನ್ ಎಂಬಾಕೆಯನ್ನು ಮದುವೆಯಾದದ್ದು 1858ರಲ್ಲಿ. ಆಮೇಲೆ ಒಂಬತ್ತು ಮಕ್ಕಳು. ಕಾದಂಬರಿಯ ದಂಪತಿ ನೆಲೆಯೂರಿದ ಚಿಸಾಗೊ ಕೆರೆ ಬೇರೆಯದೇ ದಿಕ್ಕಿನಲ್ಲಿದೆ.

ಜಮೀನು ಹೇಗೆ ಸಿಕ್ಕಿತು? ‘ಸರ್ಕಾರ ಬಿಟ್ಟಿ ಕೊಟ್ಟಿತು’ ಎನ್ನುವುದು ವಾಡಿಕೆ. ಬಿಟ್ಟಿ ಜಮೀನಿನ ಹೋಮ್‌ಸ್ಟೆಡ್ ಕಾಯ್ದೆ ಬಂದದ್ದು 1862ರಲ್ಲಿ. ಅದಕ್ಕೆ ಏಳು ವರ್ಷ ಮೊದಲು ಬಂದವನಿಗೆ ಇದ್ದ ದಾರಿ 1841ರ ಕಾಯ್ದೆ: ಮೊದಲು ನೆಲದಲ್ಲಿ ಕೂತು ಸಾಗುವಳಿ ಮಾಡು, ಆಮೇಲೆ ಎಕರೆಗೆ ಒಂದೂಕಾಲು ಡಾಲರ್ ಕಟ್ಟಿ 160 ಎಕರೆವರೆಗೆ ಬರೆಸಿಕೊ. ಇನ್ನು ಆ ನೆಲ 1851ರ ಒಪ್ಪಂದಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ಕೈಬಿಟ್ಟು ಹೋಗಿತ್ತು. ಸರ್ಕಾರ ಕೊಡುತ್ತೇನೆಂದ ಹಣ ಸರಿಯಾಗಿ ತಲುಪದೆ, ಹಸಿವು ತಾಳದೆ, 1862ರ ಆಗಸ್ಟಿನಲ್ಲಿ ಡಕೋಟಾ ಯುದ್ಧ ಸಿಡಿಯಿತು. ವಲಸಿಗರ ಎಷ್ಟೋ ಊರುಗಳು ಜೀವ ಕೈಯಲ್ಲಿ ಹಿಡಿದು ಓಡಿದವು. ಪೀಟರ್ಸನ್ನನ ದಿನಚರಿ ಓದುವಾಗ ಎರಡೂ ಕಡೆಯವರ ಗಾಬರಿಯನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. ಅದರಲ್ಲಿ ಇರುವುದು ಒಂದು ಕಡೆಯ ಮಾತು ಮಾತ್ರ.

ದಿನಚರಿ ಸ್ವೀಡಿಷ್‌ನಲ್ಲಿದೆ, ಇಂಗ್ಲಿಷ್ ಅನುವಾದವೂ ಉಂಟು. ಮನಸ್ಸು ಬಿಚ್ಚಿಟ್ಟ ಬರಹ ಸಿಕ್ಕೀತೆಂದು ಹೋದವರಿಗೆ ನಿರಾಸೆ ಖಂಡಿತ. ಅದು ಅಂಗಡಿಯ ಕಿರ್ದಿ ಪುಸ್ತಕದ ಹಾಗೆ: ದಿನಕ್ಕೆ ಒಂದೋ ಎರಡೋ ಸಾಲು. ಬೇಲಿಗೆ ಮರ ಸೀಳಿದ್ದು, ಹುಲ್ಲು ಕೊಯ್ದದ್ದು, ಯಾರದೋ ಹೊಲದಲ್ಲಿ ಮುಯ್ಯಾಳಾಗಿ ದುಡಿದದ್ದು, ಪ್ರಾರ್ಥನೆಯ ಕೂಟಕ್ಕೆ ಹೋದದ್ದು. ಮನೆಯಲ್ಲಿ ಮಗು ಹುಟ್ಟಿದರೂ ಅದೇ ದನಿ, ಅದೇ ಅಳತೆ. ಕೆಲವು ಓದುಗರು ಇದನ್ನು ಒಣ ಬರಹ ಎಂದು ಬದಿಗಿಡುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಸಂಜೆ ಮೈ ಸೋತು ಕೂತವನು ಲೇಖನಿ ಹಿಡಿದದ್ದೇ ಹೆಚ್ಚು.

ಪ್ರಾರ್ಥನೆಯ ಕೂಟಕ್ಕೂ ಹಿನ್ನೆಲೆಯಿದೆ. ಸ್ವೀಡನ್ನಿನಲ್ಲಿ 1858ರವರೆಗೂ ಪಾದ್ರಿಯಿಲ್ಲದೆ ಮನೆಗಳಲ್ಲಿ ಸೇರಿ ಪ್ರಾರ್ಥನೆ ಮಾಡುವುದು ಅಪರಾಧವಾಗಿತ್ತು. ಬ್ಯಾಪ್ಟಿಸ್ಟ್ ಬೋಧಕ ಎಫ್. ಒ. ನಿಲ್ಸನ್‌ಗೆ ಗಡೀಪಾರಿನ ಶಿಕ್ಷೆಯಾಗಿತ್ತು. ಆತನೇ ಅಮೆರಿಕಕ್ಕೆ ಬಂದು 1855ರಲ್ಲಿ ವಕೋನಿಯಾ ಬಳಿ ಸ್ಕ್ಯಾಂಡಿಯಾ ಸಭೆ ಕಟ್ಟಿದ; ಪೀಟರ್ಸನ್ ಅದರ ಸದಸ್ಯ.

ದಿನಚರಿ ಹೇಳದ್ದನ್ನು ಸರ್ಕಾರ ಕೇಳಿ ಬರೆದುಕೊಂಡಿದೆ. 1850ರಿಂದ 1880ರವರೆಗೆ ಅಮೆರಿಕದ ಜನಗಣತಿಯ ಜೊತೆಗೆ ಬೇಸಾಯದ್ದೇ ಬೇರೆ ಹಾಳೆಗಳಿದ್ದವು. ಉತ್ತ ನೆಲ ಎಷ್ಟು, ಕಾಡು ಎಷ್ಟು, ಹಾಲು ಕರೆಯುವ ಹಸು ಎಷ್ಟು, ಕಡೆದ ಬೆಣ್ಣೆ ಎಷ್ಟು ಪೌಂಡು, ಒಣಹುಲ್ಲು ಎಷ್ಟು ಟನ್ನು. ಬೆಣ್ಣೆಯ ಅಂಕಣದಲ್ಲಿ ಇರುವುದು ಹೆಂಗಸರ ದುಡಿಮೆ. ಹಾಳೆಯ ಎಡತುದಿಯಲ್ಲಿ ಹೆಸರು ಮಾತ್ರ ಗಂಡಸಿನದು. 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೆ ಸಿಕ್ಕಿ ಹಾಳಾದವು. ಮಿನ್ನೆಸೋಟ ತನ್ನದೇ ಗಣತಿಯನ್ನು 1885, 1895ರಲ್ಲೂ ಮಾಡಿದ್ದರಿಂದ ಸರಪಳಿ ತುಂಡಾಗುವುದಿಲ್ಲ.

ಅದೇ ಬೇಸಾಯದ ಹಾಳೆಯಲ್ಲಿ ಹಣ್ಣಿನ ತೋಟಕ್ಕೂ ಒಂದು ಅಂಕಣವಿದೆ. ಅದು ಕೈಹಿಡಿದು ಕರೆದೊಯ್ದದ್ದು ಮಿನ್ನೆಸೋಟ ಹಾರ್ಟಿಕಲ್ಚರಲ್ ಸೊಸೈಟಿಯ ವಾರ್ಷಿಕ ವರದಿಗಳಿಗೆ. ಅಲ್ಲಿ ಸಿಗುವ ಪೀಟರ್ಸನ್ನೇ ಬೇರೆ. ದಿನಚರಿಯ ಮೌನಿ ಇಲ್ಲಿ ಸೇಬಿನ ಪರೀಕ್ಷಕ.

ಆ ಕಾಲಕ್ಕೆ ಮಿನ್ನೆಸೋಟದಲ್ಲಿ ಸೇಬು ಬೆಳೆಯುತ್ತೇನೆ ಎಂದರೆ ಜನ ನಗುತ್ತಿದ್ದರು. ನ್ಯೂಯಾರ್ಕಿನ ಕಡೆಯ ತಳಿಗಳು ಒಂದೆರಡು ಚಳಿಗಾಲ ತಡೆದು ಸಾಯುತ್ತಿದ್ದವು. ಹತ್ತಿರದ ಎಕ್ಸೆಲ್ಸಿಯರ್‌ನಲ್ಲಿ ಪೀಟರ್ ಗಿಡಿಯನ್ ವರ್ಷಗಟ್ಟಲೆ ಸೋತು ಕೊನೆಗೆ ‘ವೆಲ್ತಿ’ ತಳಿ ಎಬ್ಬಿಸಿದ್ದ. ಪೀಟರ್ಸನ್ ಹಿಡಿದದ್ದು ರಷ್ಯದ ತಳಿಗಳನ್ನು: ಹೈಬರ್ನಲ್, ಚಾರ್ಲಮಾಫ್, ಅನಿಸಿಮ್. 1884–85ರ ಚಳಿಗಾಲ ಆ ಸೀಮೆಯ ತೋಟಗಳನ್ನು ಗುಡಿಸಿ ಹಾಕಿತು. ಬೇಕಾಗಿದ್ದ ಪರೀಕ್ಷೆ ತಾನಾಗಿಯೇ ನಡೆದುಹೋಯಿತು. ಯಾವುದು ಉಳಿಯಿತು, ಯಾವುದು ಕಪ್ಪಾಯಿತು ಎಂಬುದು ಈಗ ಎಲ್ಲರಿಗೂ ಬೇಕಾದ ಸುದ್ದಿ. 1880ರ ದಶಕದ ಕೊನೆಗೆ ಪೀಟರ್ಸನ್ನನ ತೋಟ ಪ್ರಯೋಗದ ತಾಣವೆಂದೇ ಗುರುತಾಯಿತು. ಹೈಬರ್ನಲ್ ಹಣ್ಣು ಹುಳಿ, ಅಡುಗೆಗೆ ಮಾತ್ರ ಸರಿ. ಆದರೆ ಅದರ ಕಾಂಡ ಗಟ್ಟಿ. ಬೇರೆ ತಳಿಗಳನ್ನು ಕಸಿ ಮಾಡಲು ಮುಂದೆ ಅದನ್ನೇ ಬಳಸಿದರು.

ಕಾದಂಬರಿಯಲ್ಲೂ ಒಂದು ಸೇಬಿನ ಮರವಿದೆ. ತವರಿನಿಂದ ಬಂದ ಬೀಜದಿಂದ ಕ್ರಿಸ್ಟಿನಾ ಬೆಳೆಸಿದ್ದು, ಊರಿನ ಹಂಬಲದ ಮರ. ಪೀಟರ್ಸನ್ ತೋಟದಲ್ಲಿ ಹಂಬಲಕ್ಕೆ ಜಾಗ ಕಡಿಮೆ. ಸತ್ತ ಗಿಡ ಕಿತ್ತು ಅಲ್ಲೇ ಇನ್ನೊಂದು ತಳಿ ನೆಡುವವನು ಆತ. ಇಬ್ಬರೂ ಒಬ್ಬರೇ ಎನ್ನುವ ಮಾತನ್ನು ಈ ಕಾರಣಕ್ಕೇ ನಾನು ಒಪ್ಪಲಾರೆ. ಸ್ಮೋಲಂಡೋ ಓಸ್ತರ್‌ಯೋತ್‌ಲಂಡೋ ಎಂಬ ವ್ಯತ್ಯಾಸ ಅದರ ಮುಂದೆ ಸಣ್ಣದು.

ಆತ ತೀರಿಕೊಂಡದ್ದು 1898ರ ಮಾರ್ಚ್ 31ರಂದು. ದಿನಚರಿಯೂ ಆ ವರ್ಷಕ್ಕೇ ನಿಲ್ಲುತ್ತದೆ. ಹೊಲಮನೆ 1979ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು, ಈಗ ಕಾರ್ವರ್ ಕೌಂಟಿಯ ಇತಿಹಾಸ ಸಂಘದ ಕೈಯಲ್ಲಿದೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ 1908ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯ ಹಣ್ಣಿನ ತಳಿ ಕೇಂದ್ರ ತೆರೆಯಿತು. 1991ರಲ್ಲಿ ಹನಿಕ್ರಿಸ್ಪ್ ಸೇಬು ಬಂದದ್ದು ಆ ಕೇಂದ್ರದಿಂದ. ಅದಕ್ಕೂ ಪೀಟರ್ಸನ್ನನಿಗೂ ನೇರ ನಂಟು ಹೊಸೆಯಲು ಹೋಗುವುದಿಲ್ಲ. ಇನ್ನೊಂದು ದಂತಕಥೆ ಬೇಕಿಲ್ಲ.