ಸಾಕುಪ್ರಾಣಿಗೆ ಆಸ್ತಿ ಬರೆಯುವುದು: ಜೀವದಯೆ, ಉಯಿಲು ಮತ್ತು ಶ್ರಾವಕರ ಹೊಣೆ

ಸಾಕಿದ ನಾಯಿಗೋ ಬೆಕ್ಕಿಗೋ ಕೋಟಿಗಟ್ಟಲೆ ಆಸ್ತಿ ಬರೆದಿಟ್ಟ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಓದಿದವರಲ್ಲಿ ಕೆಲವರು "ಎಂಥ ಜೀವದಯೆ" ಎನ್ನುತ್ತಾರೆ. ಇನ್ನು ಕೆಲವರು "ಕಷ್ಟದಲ್ಲಿರುವ ಮನುಷ್ಯರು ಕಣ್ಣಿಗೆ ಬೀಳಲಿಲ್ಲವೇ" ಎಂದು ಕೇಳುತ್ತಾರೆ. ಜೈನ ಕುಟುಂಬಗಳಿಗೆ ಇದು ದೂರದ ಸುದ್ದಿ ಮಾತ್ರವಲ್ಲ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಊರಿನ ಮನೆಯಲ್ಲಿ ವಯಸ್ಸಾದ ಒಬ್ಬಿಬ್ಬರು, ಜೊತೆಗೆ ಒಂದು ನಾಯಿ ಅಥವಾ ಎರಡು ಹಸು. ಇಂತಹ ಮನೆಗಳು ನಮ್ಮ ಸಮಾಜದಲ್ಲಿ ಈಗ ಕಡಿಮೆಯೇನಿಲ್ಲ. ಹಿರಿಯರು ಕಣ್ಣು ಮುಚ್ಚಿದ ಮೇಲೆ ಆ ಮೂಕಪ್ರಾಣಿಯ ಗತಿಯೇನು, ಗಳಿಸಿದ ಆಸ್ತಿ ಯಾವ ದಾರಿಗೆ ಹೋಗಬೇಕು ಎಂಬುದನ್ನು ಬದುಕಿರುವಾಗಲೇ ಬರೆದಿಡಬೇಕಾಗುತ್ತದೆ. ಈ ವಿಷಯದಲ್ಲಿ ತಿಳಿದಿರಬೇಕಾದ ಪ್ರಕರಣಗಳು, ಜೈನ ದೃಷ್ಟಿ ಮತ್ತು ಕಾನೂನಿನ ಮಾಹಿತಿ ಇಲ್ಲಿದೆ.

ನ್ಯೂಯಾರ್ಕಿನ ಪ್ರಕರಣ

ಇತ್ತೀಚಿನ ಕಾಲದಲ್ಲಿ ಅತ್ಯಂತ ಹೆಚ್ಚು ಚರ್ಚೆಯಾದದ್ದು ಅಮೆರಿಕದ ಲಿಯೋನಾ ಹೆಲ್ಮ್ಸ್ಲಿ ಅವರ ಉಯಿಲು. ಪತಿ ಹ್ಯಾರಿ ಹೆಲ್ಮ್ಸ್ಲಿ ನ್ಯೂಯಾರ್ಕಿನಲ್ಲಿ ಹೋಟೆಲು ಮತ್ತು ಕಟ್ಟಡಗಳ ದೊಡ್ಡ ವ್ಯವಹಾರಸ್ಥರು. 1997ರಲ್ಲಿ ಅವರು ತೀರಿಕೊಂಡಾಗ ಆಸ್ತಿಯೆಲ್ಲ ಪತ್ನಿಯ ಕೈಗೆ ಬಂತು. ಒಬ್ಬನೇ ಮಗ 1982ರಲ್ಲೇ ತೀರಿಕೊಂಡಿದ್ದ. 1989ರಲ್ಲಿ ತೆರಿಗೆ ವಂಚನೆಯ ಪ್ರಕರಣದಲ್ಲಿ ಲಿಯೋನಾ ಅವರಿಗೆ ಶಿಕ್ಷೆಯಾಗಿ ಜೈಲುವಾಸವೂ ಆಗಿತ್ತು. ಕೊನೆಗಾಲದಲ್ಲಿ ಅವರ ಜೊತೆಗಿದ್ದದ್ದು ಮಾಲ್ಟೀಸ್ ಜಾತಿಯ ಪುಟ್ಟ ಬಿಳಿ ನಾಯಿ. ಅದರ ಹೆಸರು ಟ್ರಬಲ್.

2007ರ ಆಗಸ್ಟ್‌ನಲ್ಲಿ 87ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಉಯಿಲು ತೆರೆದಾಗ ನಾಯಿಯ ಪಾಲನೆಗೆಂದು 1 ಕೋಟಿ 20 ಲಕ್ಷ ಡಾಲರ್ ಇಟ್ಟಿದ್ದು ಗೊತ್ತಾಯಿತು. ನಾಲ್ವರು ಮೊಮ್ಮಕ್ಕಳಲ್ಲಿ ಇಬ್ಬರಿಗೆ ಏನೂ ಇರಲಿಲ್ಲ. ಕಾರಣ ಅವರಿಗೇ ಗೊತ್ತು ಎಂಬ ಅರ್ಥದ ಮಾತು ಮಾತ್ರ ಇತ್ತು. ಉಳಿದಿಬ್ಬರಿಗೆ ಹಣವಿತ್ತು, ಆದರೆ ಅದರ ಒಂದು ಭಾಗ ಸಿಗಬೇಕಾದರೆ ಪ್ರತಿ ವರ್ಷ ತಂದೆಯ ಸಮಾಧಿಗೆ ಭೇಟಿ ಕೊಡಬೇಕೆಂಬ ಷರತ್ತು.

2008ರಲ್ಲಿ ನ್ಯಾಯಾಲಯ ನಾಯಿಯ ಪಾಲನ್ನು 20 ಲಕ್ಷ ಡಾಲರಿಗೆ ಇಳಿಸಿತು. ಪ್ರಾಣಿಯ ಪಾಲನೆಗೆ ಹಣ ಇಡಲು ನ್ಯೂಯಾರ್ಕ್ ಕಾನೂನಿನಲ್ಲಿ ಅವಕಾಶವಿದೆ. ಅಗತ್ಯಕ್ಕಿಂತ ಬಹಳ ಹೆಚ್ಚಾಗಿದ್ದರೆ ಅದನ್ನು ತಗ್ಗಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಕೈಬಿಟ್ಟಿದ್ದ ಇಬ್ಬರು ಮೊಮ್ಮಕ್ಕಳಿಗೆ ಒಟ್ಟು 60 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲಾಯಿತು.

ನಾಯಿಯನ್ನು ನೋಡಿಕೊಳ್ಳಬೇಕೆಂದು ಹೆಸರಿಸಿದ್ದ ಸ್ವಂತ ತಮ್ಮನೇ ಅದಕ್ಕೆ ಒಪ್ಪಲಿಲ್ಲ. ಹಣದ ಸುದ್ದಿ ಹರಡಿದ ಮೇಲೆ ನಾಯಿಗೆ ಕೊಲೆ ಬೆದರಿಕೆಗಳು ಬಂದವು. ಕೊನೆಗೆ ಫ್ಲಾರಿಡಾದಲ್ಲಿದ್ದ ಅವರ ಹೋಟೆಲಿನ ವ್ಯವಸ್ಥಾಪಕರು ಅದನ್ನು ಸಾಕಿದರು. ವರ್ಷದ ಖರ್ಚು ಸುಮಾರು 1 ಲಕ್ಷ 90 ಸಾವಿರ ಡಾಲರ್. ಅದರಲ್ಲಿ ಕಾವಲಿಗೆ 1 ಲಕ್ಷ, ನೋಡಿಕೊಳ್ಳುವವರಿಗೆ 60 ಸಾವಿರ, ಸ್ನಾನ ಮತ್ತು ಕೂದಲಿನ ಆರೈಕೆಗೆ 8 ಸಾವಿರ. ನಾಯಿಯ ಆಹಾರಕ್ಕೆ ಹೋದದ್ದು 1,200 ಡಾಲರ್. ಲೆಕ್ಕ ಹಾಕಿದರೆ ಒಟ್ಟು ಖರ್ಚಿನಲ್ಲಿ ನೂರಕ್ಕೆ ಒಂದು ಪಾಲೂ ನಾಯಿಯ ಹೊಟ್ಟೆಗೆ ಹೋಗಲಿಲ್ಲ. ದೊಡ್ಡ ಖರ್ಚು ಕಾವಲಿನದ್ದು. ಕಾವಲು ಬೇಕಾದದ್ದು ಅದರ ಹೆಸರಿನಲ್ಲಿದ್ದ ಹಣದ ಸುದ್ದಿಯಿಂದ. 2010ರ ಡಿಸೆಂಬರ್‌ನಲ್ಲಿ ಟ್ರಬಲ್ 12ನೆಯ ವಯಸ್ಸಿನಲ್ಲಿ ಸತ್ತಿತು. ಒಡತಿಯ ಪಕ್ಕದಲ್ಲೇ ಅದನ್ನು ಹೂಳಬೇಕೆಂಬ ಕೊನೆಯ ಆಸೆಯೂ ನೆರವೇರಲಿಲ್ಲ.

ಉಳಿದ ದೊಡ್ಡ ಆಸ್ತಿ ಏನಾಯಿತು?

ನಾಯಿಯ ಪಾಲು ಇಡೀ ಆಸ್ತಿಯಲ್ಲಿ ಬಹಳ ಚಿಕ್ಕದು. 500ರಿಂದ 800 ಕೋಟಿ ಡಾಲರ್ ಎಂದು ಆಗ ಅಂದಾಜಿಸಲಾಗಿದ್ದ ಉಳಿದ ಆಸ್ತಿ ಧರ್ಮಾರ್ಥ ಟ್ರಸ್ಟಿಗೆ ಹೋಯಿತು. ಟ್ರಸ್ಟಿನ ಉದ್ದೇಶದ ಬಗ್ಗೆ ಲಿಯೋನಾ ಮೊದಲು ಬರೆದ ಟಿಪ್ಪಣಿಯಲ್ಲಿ ಬಡವರಿಗೆ ನೆರವು ಮತ್ತು ನಾಯಿಗಳ ಆರೈಕೆ ಎರಡೂ ಇದ್ದವು. 2004ರಲ್ಲಿ ಅವರು ಬಡವರ ಸಾಲನ್ನು ತೆಗೆದುಹಾಕಿದರು.

ಆದರೆ ಆ ಟಿಪ್ಪಣಿ ಟ್ರಸ್ಟಿಗಳಿಗೆ ಕಡ್ಡಾಯವಲ್ಲ, ಯಾರಿಗೆ ಕೊಡಬೇಕೆಂಬುದು ಅವರ ವಿವೇಚನೆಗೆ ಬಿಟ್ಟದ್ದು ಎಂದು 2009ರಲ್ಲಿ ನ್ಯಾಯಾಲಯ ಹೇಳಿತು. ಆ ವರ್ಷ ಟ್ರಸ್ಟ್ ಮೊದಲ ಕಂತಾಗಿ 13 ಕೋಟಿ 60 ಲಕ್ಷ ಡಾಲರ್ ಹಂಚಿತು. ಹೆಚ್ಚಿನದು ಆಸ್ಪತ್ರೆ ಮತ್ತು ವೈದ್ಯಕೀಯ ಸಂಶೋಧನೆಯಂತಹ ಕೆಲಸಗಳಿಗೆ ಹೋಯಿತು. ಪ್ರಾಣಿಗಳ ಸಂಸ್ಥೆಗಳಿಗೆ ಸಿಕ್ಕಿದ್ದು 10 ಲಕ್ಷ. ಪ್ರಾಣಿದಯಾ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದರೂ ಫಲ ಸಿಗಲಿಲ್ಲ.

ರೋಗಿಗಳಿಗೆ ಒಳ್ಳೆಯದಾಯಿತು, ಅದು ಸಂತೋಷವೇ. ಆದರೆ ಕೊಟ್ಟವರ ಮನಸ್ಸಿನಲ್ಲಿದ್ದದ್ದು ಒಂದು, ನಡೆದದ್ದು ಇನ್ನೊಂದು. ಸ್ಪಷ್ಟವಾಗಿ, ಕಾನೂನಿಗೆ ಹಿಡಿಸುವಂತೆ ಬರೆಯದ ಆಸೆ ಎಷ್ಟೇ ಸಿರಿವಂತರದ್ದಾದರೂ ನಿಲ್ಲುವುದಿಲ್ಲ.

ಮುಂಬೈಯ ಇನ್ನೊಂದು ಮಾದರಿ

2024ರ ಅಕ್ಟೋಬರ್ 9ರಂದು ನಿಧನರಾದ ರತನ್ ಟಾಟಾ ಅವರ ನಾಯಿ ಪ್ರೀತಿ ಎಲ್ಲರಿಗೂ ಗೊತ್ತಿರುವುದೇ. ಪತ್ರಿಕೆಗಳಲ್ಲಿ ವರದಿಯಾದ ಪ್ರಕಾರ, ಅವರ ಉಯಿಲಿನಲ್ಲಿ ಸಾಕುಪ್ರಾಣಿಗಳಿಗಾಗಿ ಇಟ್ಟಿದ್ದು 12 ಲಕ್ಷ ರೂಪಾಯಿ. ಪ್ರತಿ ಪ್ರಾಣಿಗೆ ಮೂರು ತಿಂಗಳಿಗೊಮ್ಮೆ 30 ಸಾವಿರದಂತೆ ಖರ್ಚಿಗೆ. ಟಿಟೊ ಎಂಬ ನಾಯಿಯನ್ನು ನೋಡಿಕೊಳ್ಳುವ ಹೊಣೆ ಬಹುಕಾಲದಿಂದ ಮನೆಯಲ್ಲಿದ್ದ ಅಡುಗೆಯವರದ್ದು. ಆಸ್ತಿಯ ದೊಡ್ಡ ಭಾಗ ಧರ್ಮಾರ್ಥ ಸಂಸ್ಥೆಗಳಿಗೆ. ಬೀದಿಯ ಮತ್ತು ಮನೆಯ ಪ್ರಾಣಿಗಳ ಮೇಲಿನ ಕಾಳಜಿಯನ್ನು ಅವರು ಬದುಕಿರುವಾಗಲೇ ತೋರಿಸಿದ್ದರು. ಮುಂಬೈಯ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಪ್ರಾಣಿಗಳ ಆಸ್ಪತ್ರೆ 2024ರಲ್ಲೇ ಆರಂಭವಾಯಿತು.

ಎರಡೂ ಉಯಿಲುಗಳಲ್ಲಿ ನಾಯಿಯ ಮೇಲೆ ಪ್ರೀತಿ ಇತ್ತು. ಒಂದರಲ್ಲಿ ಅದಕ್ಕೆ ಅಳತೆ ಇರಲಿಲ್ಲ, ನೋಡಿಕೊಳ್ಳುವವರ ಒಪ್ಪಿಗೆಯೂ ಇರಲಿಲ್ಲ. ಇನ್ನೊಂದರಲ್ಲಿ ಪ್ರಾಣಿಯ ಅಗತ್ಯಕ್ಕೆ ತಕ್ಕ ಹಣ ಮತ್ತು ಅದನ್ನು ಬಲ್ಲ ಕೈ ಎರಡೂ ಇದ್ದವು.

ಜೈನ ದೃಷ್ಟಿ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗೃಹಸ್ಥರು ಕೊಡುವುದನ್ನು ನಾಲ್ಕು ಬಗೆಯಾಗಿ ಹೇಳಲಾಗಿದೆ. ಅನುಕಂಪಕ್ಕೆ ಅರ್ಹವಾದ ಜೀವಿಗಳಿಗೆ ಅಭಯ ಕೊಡುವುದು ದಯಾದತ್ತಿ. ಮುನಿಗಳಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ಸಮಾನ ಆಚಾರದ ಸಾಧರ್ಮಿ ಗೃಹಸ್ಥರಿಗೆ ಕೊಡುವುದು ಸಮದತ್ತಿ. ವಂಶ ನಿಲ್ಲುವಂತೆ ಮನೆತನದ ಹೊಣೆ ಮತ್ತು ಸಂಪತ್ತನ್ನು ಮಗನಿಗೆ ಒಪ್ಪಿಸುವುದು ಅನ್ವಯದತ್ತಿ. ಮೂಕಪ್ರಾಣಿಯೂ ಉಂಟು, ಸಾಧರ್ಮಿಯೂ ಉಂಟು, ಮನೆಯ ಮಕ್ಕಳೂ ಉಂಟು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅಲ್ಲಿ ಹೇಳಿಲ್ಲ.

ಜೀವಂಧರಕುಮಾರನ ಕಥೆ ಎಲ್ಲ ಮನೆಗಳಲ್ಲೂ ಕೇಳಿದ್ದೇ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಅದನ್ನು ಬರೆದಿದ್ದಾನೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರ ಪಂಚನಮಸ್ಕಾರ ಮಂತ್ರ ಹೇಳಿದ. ಅದು ಶಾಂತವಾಗಿ ಪ್ರಾಣ ಬಿಟ್ಟು ಯಕ್ಷನಾಗಿ ಹುಟ್ಟಿತು. ನಾಯಿಗೆ ಬೇಕಾಗಿದ್ದು ಕೊನೆಗಳಿಗೆಯಲ್ಲಿ ಪಕ್ಕದಲ್ಲಿ ಕೂರುವ ಒಬ್ಬರು. ಹಣದಿಂದ ಪ್ರಾಣಿಗೆ ಅನ್ನ, ಔಷಧ, ನೆರಳು ದೊರಕುತ್ತದೆ. ಅದಕ್ಕಿಂತ ಹೆಚ್ಚಿನದು ಅದರ ಹೆಸರಿನಲ್ಲಿ ನಡೆಯುವ ಪರಿಗ್ರಹವಷ್ಟೇ.

ಜೀವದಯೆಗೆ ದೊಡ್ಡ ಹಣ ಕೊಟ್ಟ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಮುಂಬೈಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರಿ ಆದೇಶದ ವಿರುದ್ಧ ಪಾರ್ಸಿಗಳು ಎದ್ದು ನಿಂತರು, ಊರಿನಲ್ಲಿ ಗಲಭೆಯಾಯಿತು. 1834ರಲ್ಲಿ ಜೈನ ವರ್ತಕ ಮೋತಿಚಂದ್ ಅಮಿಚಂದ್ ಮತ್ತು ಪಾರ್ಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯ್ ಅವರ ನೆರವಿನಿಂದ ಪಿಂಜರಾಪೋಲ್ ಸ್ಥಾಪನೆಯಾಯಿತು. ಅದೇ ಜೀಜೀಭಾಯ್ ಅವರ ಹೆಸರಿನ ಆಸ್ಪತ್ರೆ ಮುಂಬೈಯಲ್ಲಿ ಇಂದಿಗೂ ಬಡವರಿಗೆ ಚಿಕಿತ್ಸೆ ಕೊಡುತ್ತಿದೆ. ಪ್ರಾಣಿಗೂ ಮನುಷ್ಯರಿಗೂ ಒಂದೇ ಕೈ ಕೊಟ್ಟದ್ದಕ್ಕೆ ಇದು ಒಳ್ಳೆಯ ಉದಾಹರಣೆ.

ಕರ್ನಾಟಕದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯೂ ಪತಿಯನ್ನು ಕಳೆದುಕೊಂಡ ಸಿರಿವಂತ ಹೆಣ್ಣುಮಗಳೇ. ಆಕೆ ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಪ್ರಸಿದ್ಧಿ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಕೊಟ್ಟದ್ದು ಬದುಕಿರುವಾಗಲೇ, ತನ್ನ ಕೈಯಿಂದಲೇ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಪ್ರಾಣಿಯ ಹೆಸರಿಗೆ ನೇರವಾಗಿ ಆಸ್ತಿ ಬರೆಯಲು ಬರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಸಾಕುಪ್ರಾಣಿಯೇ ಮಾಲೀಕರ ಸ್ವತ್ತು. ಸ್ವತ್ತು ಇನ್ನೊಂದು ಸ್ವತ್ತಿಗೆ ಒಡೆಯನಾಗಲಾರದು. ಹಣವನ್ನು ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ಬರೆದು, ಪ್ರಾಣಿಯ ಪಾಲನೆಯ ಹೊಣೆಯನ್ನು ಅವರಿಗೆ ಒಪ್ಪಿಸಬಹುದು. ಗೋಶಾಲೆ, ಪಿಂಜರಾಪೋಲ್, ಪ್ರಾಣಿಗಳ ಆಸ್ಪತ್ರೆ ನಡೆಸುವ ಟ್ರಸ್ಟಿಗೂ ಕೊಡಬಹುದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಪುರುಷರು ಉಯಿಲು ಬರೆಯದೆ ತೀರಿಕೊಂಡರೆ ಅವರ ಆಸ್ತಿ ಮೊದಲಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಮೊದಲಾದ ಹತ್ತಿರದ ವಾರಸುದಾರರಿಗೆ ಹೋಗುತ್ತದೆ. ಮನೆಯ ನಾಯಿಗಾಗಲಿ, ಇಪ್ಪತ್ತು ವರ್ಷ ಸೇವೆ ಮಾಡಿದ ಕೆಲಸದವರಿಗಾಗಲಿ, ಬಸದಿಗಾಗಲಿ ಏನೂ ತಾನಾಗಿ ಸಿಗುವುದಿಲ್ಲ. ಕೊಡುವ ಮನಸ್ಸಿದ್ದರೆ ಬರೆಯಲೇಬೇಕು. ಪಿತ್ರಾರ್ಜಿತ ಆಸ್ತಿಯಾದರೆ ತಮ್ಮ ಪಾಲನ್ನು ಮಾತ್ರ ಬರೆಯಬಹುದು.

ಉಯಿಲು ಬರೆಯುವವರು ಗಮನಿಸಬೇಕಾದದ್ದು

1. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಲಾಭ ಪಡೆಯುವವರು ಸಾಕ್ಷಿಯಾಗದಿರುವುದು ಒಳ್ಳೆಯದು.

2. ನೋಂದಣಿ ಕಡ್ಡಾಯವಲ್ಲ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ.

3. ಪ್ರಾಣಿಯನ್ನು ನೋಡಿಕೊಳ್ಳುವವರನ್ನು ಮೊದಲೇ ಕೇಳಿ ಒಪ್ಪಿಸಬೇಕು. ಅವರಿಗೆ ಆಗದಿದ್ದರೆ ಇನ್ನೊಬ್ಬರು ಯಾರು ಎಂಬುದನ್ನೂ ಬರೆಯಬೇಕು.

4. ಪ್ರಾಣಿಯ ಆಹಾರ, ಲಸಿಕೆ, ವೈದ್ಯರ ಖರ್ಚನ್ನು ವರ್ಷದ ಲೆಕ್ಕದಲ್ಲಿ ಹಾಕಿ, ಅದು ಇನ್ನೆಷ್ಟು ವರ್ಷ ಬದುಕಬಹುದು ಎಂದು ನೋಡಿ ಮೊತ್ತ ನಿಗದಿ ಮಾಡಬೇಕು. ಎಲ್ಲವನ್ನೂ ಒಮ್ಮೆಲೇ ಕೊಡುವ ಬದಲು ಉಯಿಲು ಜಾರಿ ಮಾಡುವವರ ಮೂಲಕ ಕಂತಿನಲ್ಲಿ ಕೊಡಿಸುವುದು ಕ್ಷೇಮ.

5. ಪ್ರಾಣಿ ಸತ್ತ ಮೇಲೆ ಉಳಿದ ಹಣ ಯಾರಿಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು: ಸಾಧರ್ಮಿ ಮಕ್ಕಳ ಓದಿಗೋ, ರೋಗಿಗಳ ಔಷಧಕ್ಕೋ, ಗೋಶಾಲೆಗೋ. "ಧರ್ಮಕಾರ್ಯಕ್ಕೆ" ಎಂದಷ್ಟೇ ಬರೆದರೆ ಸಾಲದು.

6. ಟ್ರಸ್ಟಿಗೆ ಕೊಡುವುದಾದರೆ ಉದ್ದೇಶವನ್ನು ಉಯಿಲಿನಲ್ಲೇ ಬರೆಯಬೇಕು. ಬೇರೆ ಚೀಟಿಯಲ್ಲಿ ಬರೆದ ಆಸೆಯನ್ನು ನಂಬಬಾರದು.

7. ಮಕ್ಕಳ ಮೇಲಿನ ಸಿಟ್ಟಿನಲ್ಲಿ ಉಯಿಲು ಬರೆಯಬಾರದು. ಸಿಟ್ಟಿನಲ್ಲಿ ನಾಯಿಗೆ ಬರೆದ ಹಣ ನಾಯಿಯ ಮೇಲಿನ ದಯೆಯಲ್ಲ, ಮಕ್ಕಳ ಮೇಲಿನ ಕಷಾಯ. ದಶಲಕ್ಷಣ ಪರ್ವದ ಕ್ಷಮಾವಣಿ ಕಳೆದ ಮೇಲೆ, ಮನಸ್ಸು ತಿಳಿಯಾದಾಗ ಬರೆದರೆ ಒಳ್ಳೆಯದು.

ಮನೆಯ ನಾಯಿಗೆ ಎರಡು ಹೊತ್ತಿನ ಅನ್ನ, ಕಾಯಿಲೆಯಾದಾಗ ಔಷಧ, ಹೆಸರು ಹಿಡಿದು ಕರೆಯುವ ಒಬ್ಬರು ಸಾಕು. ಅಷ್ಟನ್ನು ಮರೆಯದೆ ಬರೆದಿಡುವುದು ಶ್ರಾವಕರ ಕರ್ತವ್ಯ. ಉಳಿದದ್ದು ಮಕ್ಕಳಿಗೆ, ಸಾಧರ್ಮಿಗಳಿಗೆ, ಅನಾಥರಿಗೆ, ಗೋಶಾಲೆಯ ನೂರಾರು ಜೀವಗಳಿಗೆ ಹಂಚಿ ಹೋಗಲಿ. ಸಾಧ್ಯವಾದಷ್ಟನ್ನು ಉಯಿಲಿಗೆ ಕಾಯದೆ ಬದುಕಿರುವಾಗಲೇ ಕೊಟ್ಟವರು ಅದರ ಫಲವನ್ನು ತಮ್ಮ ಕಣ್ಣಿನಿಂದಲೇ ನೋಡುತ್ತಾರೆ.